ತಾಯಿ ಡಬ್ಬಿ ಹಿತ್ತಲ ಕೋಣೆಗೆ ಹೋದದ್ದು

ಆಯುಧಪೂಜೆಯ ದಿನ ನಮ್ಮ ಮನೆಯ ವೈಫೈ ಕೆಡಿಸಿದವನು ನಾನು. ಶರಣಪ್ಪಣ್ಣನ ಮೇಲೆ ತಪ್ಪು ಹೊರಿಸಿದವನೂ ನಾನೇ. ಅದಕ್ಕೆ ಸಾಕ್ಷಿ ನುಡಿದ ಇಂಟರ್ನೆಟ್ ಕಂಪನಿಯ ಅಧಿಕಾರಿಯೂ — ನಾನೇ. ಎರಡು ವರ್ಷವಾಯಿತು. ಮನೆಯವರಿಗೆ ಪೂರ್ತಿ ಗೊತ್ತು, ಬೀದಿಗೆ ಅರ್ಧ ಗೊತ್ತು. ಉಳಿದರ್ಧವನ್ನು ಬೇರೆಯವರು ಕೆಡಿಸಿ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಮಿಮಿಕ್ರಿ ನನ್ನ ಚಟ. ಹಲಸೂರಿನ ನಮ್ಮ ಬೀದಿಯಲ್ಲಿ ನಾನು ದನಿ ತೆಗೆಯದ ಮನುಷ್ಯನಿಲ್ಲ — ಹೂವಿನಕ್ಕ, ಇಸ್ತ್ರಿಯವರು, ಕೆಲಸದ ಸಂದರ್ಶನದಲ್ಲಿ ಬೆವರುತ್ತ ತೊದಲುವ ನಾನು ಕೂಡ.

ಮನೆ ದೊಡ್ಡಮ್ಮನದು. ಕೆಳಗೆ ಅವಳು, ಮೇಲೆ ನಾವು, ಹಿತ್ತಲ ಕೋಣೆಯಲ್ಲಿ ಬಾಡಿಗೆಗೆ ಶರಣಪ್ಪಣ್ಣ — ಕಲಬುರಗಿ ಕಡೆಯವರು, ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಕೆಲಸ. ಆ ಕೋಣೆಗೆ ಮೂರು ಕಡೆಯೂ ಪಕ್ಕದ ಮನೆಗಳ ಗೋಡೆ. ಮೊಬೈಲಿಗೆ ಸಿಗ್ನಲ್ ಸಿಗದು. "ವೈಫೈ ಕೊಡ್ತೀನಿ, ಬನ್ನಿ" ಎಂದ ದೊಡ್ಡಮ್ಮನ ಮಾತು ನಂಬಿ ಬಂದವರು. ಹೆಂಡತಿ ಹೆರಿಗೆಗೆಂದು ತವರಿಗೆ ಹೋಗಿದ್ದರು. ದಿನಾ ಸಂಜೆ ವಿಡಿಯೊ ಕಾಲ್‌ನಲ್ಲೇ ಅವರ ಸಂಸಾರ.

ಹಳೆಯ ಕಲ್ಲುಗೋಡೆಗಳನ್ನು ಒಂದು ರೂಟರ್ ದಾಟುತ್ತಿರಲಿಲ್ಲವಾದ್ದರಿಂದ ನಾನು ಮೂರು ರೂಟರುಗಳ ಮೆಶ್, ಅಂದರೆ ಒಂದೇ ಜಾಲ, ಹಾಕಿದ್ದೆ. ಹಜಾರಕ್ಕೆ ಬರುವ ಕಂಪನಿಯ ವೈರಿಗೆ ಸೇರುವುದು ತಾಯಿ. ಅದರಿಂದ ಪಡೆದು ಹಂಚುವ ಇನ್ನೆರಡು ಮಕ್ಕಳು. ಮೂರೂ ಒಂದೇ ತಟ್ಟೆಯಲ್ಲಿ ಬೆಂದ ಇಡ್ಲಿಗಳಂತಿದ್ದವು. ಗುರುತಿಗೆಂದು ತಳದಲ್ಲಿ ಸ್ಕೆಚ್ ಪೆನ್ನಿನಿಂದ ಬರೆದೆ: ತಾಯಿ, ದೊಡ್ಡ ಮಗ, ಚಿಕ್ಕ ಮಗ. ಆಮೇಲೆ ಒಂದು ವಾರ ರಾಕೆಟ್ ಹಾರಿಸಿದವನ ಹಾಗೆ ಓಡಾಡಿದೆ.

ಆಯುಧಪೂಜೆ ಬಂತು. ಮನೆಯಲ್ಲಿ ದುಡಿಯುವ ಯಾವ ವಸ್ತುವೂ ಪೂಜೆ ತಪ್ಪಿಸಿಕೊಳ್ಳುವಂತಿಲ್ಲ — ದೊಡ್ಡಮ್ಮನ ಕಾನೂನು.

"ಮಿಕ್ಸಿಗಿದೆ, ಸ್ಕೂಟರಿಗಿದೆ. ಆ ಮೂರು ಡಬ್ಬಿ ಏನ್ ಪಾಪ ಮಾಡಿದ್ವು? ತಂದಿಡೋ!"

ತಂದೆ. ಒದ್ದೆ ಬಟ್ಟೆಯಿಂದ ಭಕ್ತಿಯಿಟ್ಟು ಒರೆಸಿದೆ — ಬರೆದ ಗುರುತೂ ಅಳಿಯುವಷ್ಟು ಭಕ್ತಿ. ಅರಿಶಿನ ಕುಂಕುಮವಾಯಿತು, ಮಂಗಳಾರತಿಯಾಯಿತು. ಹೊಟ್ಟೆ ತುಂಬ ಒಬ್ಬಟ್ಟು ತಿಂದು, ಅಂದಾಜಿನ ಮೇಲೆ ಒಂದೊಂದನ್ನು ಒಂದೊಂದು ಕಡೆ ಇಟ್ಟೆ. ತಾಯಿ ಹಿತ್ತಲ ಕೋಣೆ ಸೇರಿತು. ಹಜಾರದ ವೈರು ಯಾವನೋ ಮಗನ ಪಾಲಾಯಿತು. ಇಡೀ ಮನೆಗೆ ನೆಟ್ ಇಲ್ಲ. ರೂಟರಿನ ದೀಪ ಮಾತ್ರ ಕುಂಕುಮದ ಜೊತೆ ಪೈಪೋಟಿಗೆ ಬಿದ್ದಂತೆ ಕೆಂಪಗೆ.

"ಏನೋ ಇದು, ಇಂಜಿನಿಯರೇ?" ಎಂದಳು ದೊಡ್ಡಮ್ಮ.

ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಾನು — "ಶರಣಪ್ಪಣ್ಣ ಮೂರ್ ಹೊತ್ತೂ ಕಬಡ್ಡಿ ನೋಡ್ತಾರಲ್ಲ, ಲೋಡ್ ಜಾಸ್ತಿ ಆಗಿದೆ" ಎಂದೆ. ಅವಳು ನಂಬಲಿಲ್ಲ. ಮೇಲೆ ಹೋಗಿ, ಗೆಳೆಯನ ಫೋನಿನಿಂದ, ಕಂಪನಿಯವರ ಮೂಗಿನ ದನಿ ತೆಗೆದು ಅವಳಿಗೆ ಕರೆ ಮಾಡಿದೆ: "ಮೇಡಮ್, ನಿಮ್ ಹಿಂದ್ಗಡೆ ರೂಮಲ್ಲಿ ಯೂಸೇಜ್ ತುಂಬಾ ತೋರಿಸ್ತಿದೆ ಮೇಡಮ್. ಅದ್ಕೇ ಲೈನ್ ಡೌನ್."

ನಂಬಿದಳು. ಅಷ್ಟು ಚೆನ್ನಾಗಿ ಬಂದಿತ್ತು ದನಿ — ಆ ಕ್ಷಣ ಹೆಮ್ಮೆಯೂ ಆಯಿತು, ಅದನ್ನೂ ಒಪ್ಪಿಕೊಳ್ಳಬೇಕು.

"ಅವ್ರ ರೂಮಿನ ಡಬ್ಬಿ ಕಿತ್ಕೊಂಡ್ ಬಾ."

ಶರಣಪ್ಪಣ್ಣ ತಾವೇ ಬಿಚ್ಚಿ ಕೊಟ್ಟರು. "ಆಯ್ತು ತಗೋ ತಮ್ಮಾ" ಎಂದರು, ಅಷ್ಟೇ. ಅನುಮಾನದಿಂದ ಅದನ್ನು ಹಜಾರದ ವೈರಿಗೆ ಸೇರಿಸಿ ನೋಡಿದೆ — ಹಸಿರು ದೀಪ! "ನೋಡ್ದಾ? ಅಲ್ಲಿಂದ ತೆಗೆದ್ ತಕ್ಷಣ ಬಂತು!" ಎಂದು ದೊಡ್ಡಮ್ಮ ಚಪ್ಪಾಳೆ ತಟ್ಟಿದಳು. ನನ್ನ ತಪ್ಪು ಸರಿಯಾದದ್ದೇ ಅವರ ತಪ್ಪಿಗೆ ರುಜುವಾತಾಯಿತು. ನಾನು ಹಿತ್ತಲ ಕೋಣೆಗೆ ಬೇರೆ ಡಬ್ಬಿ ಕೊಡಲಿಲ್ಲ, ನಿಜವನ್ನೂ ಹೇಳಲಿಲ್ಲ. ಎಲ್ಲರ ದನಿ ಬರುತ್ತಿದ್ದ ಬಾಯಿ.

ಕೆಲವು ವಾರಗಳ ಮೇಲೆ ಒಂದು ಭಾನುವಾರ. ಶರಣಪ್ಪಣ್ಣನಿಗೆ ಹುಟ್ಟಿದ ಮಗಳಿಗೆ ಕಲಬುರಗಿಯಲ್ಲಿ ತೊಟ್ಟಿಲು, ನಾಮಕರಣ. ರಜೆ ಸಿಕ್ಕಿರಲಿಲ್ಲ; ಮಧ್ಯಾಹ್ನದ ಪಾಳಿಗೆ ಹೊರಡುವ ಮುಂಚೆ, ಹೊಸ ಅಂಗಿ ತೊಟ್ಟು, ಬೀದಿಯ ಬಿಸಿಲಲ್ಲಿ ಫೋನೆತ್ತಿ ನಿಂತಿದ್ದರು. ಹೂವಿನಕ್ಕ, ಇಸ್ತ್ರಿಯವರು, ಒಬ್ಬ ಆಟೊ ಚಾಲಕ — ಎಲ್ಲರೂ ಸುತ್ತ ನೆರೆದಿದ್ದರು. ನಾನು ಮೇಲಿನಿಂದ ನೋಡುತ್ತಿದ್ದೆ. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು, ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು — ಅದು ಪದ್ಧತಿ. ಫೋನಿನಲ್ಲಿ ಶರಣಪ್ಪಣ್ಣನ ಅಕ್ಕ ಬಗ್ಗಿದರು. ಚಿತ್ರ ನಿಂತುಹೋಯಿತು.

"ಹೆಸರೇನಿಟ್ರು?" ಎಂದಳು ಹೂವಿನಕ್ಕ.

"ಕೇಳ್ಸಲಿಲ್ಲರೀ" ಎಂದರು ಶರಣಪ್ಪಣ್ಣ. ನಗಲು ನೋಡಿದರು.

ಮೆಟ್ಟಿಲು ಹೇಗೆ ಇಳಿದೆನೋ ತಿಳಿಯದು. ಅವರ ಕೈ ಹಿಡಿದು ಹಜಾರಕ್ಕೆ ಎಳೆತಂದೆ, ಫೋನಿಗೆ ವೈಫೈ ಸೇರಿಸಿದೆ, ದೊಡ್ಡಮ್ಮನ ಎದುರಿಗೇ ಎಲ್ಲ ಹೇಳಿದೆ — ಡಬ್ಬಿ, ಒದ್ದೆ ಬಟ್ಟೆ, ಕಂಪನಿ. "ಆ ಮೇಡಮ್ ಮೇಡಮ್ ಅಂದೋನು ನೀನೇನೋ!" ಎಂದು ದೊಡ್ಡಮ್ಮ ಸೌಟು ಹುಡುಕುವಷ್ಟರಲ್ಲಿ ಪರದೆಯ ಮೇಲೆ ಕಲಬುರಗಿ ಕನ್ನಡಿಯಷ್ಟು ನಿಚ್ಚಳವಾಗಿ ಮೂಡಿತು. ಅಪ್ಪ ಹೆಸರು ಕೇಳಿಲ್ಲವೆಂದು ತಿಳಿದು ಅಲ್ಲಿನ ಹೆಂಗಸರು ಗೊಳ್ಳೆಂದು ನಕ್ಕು, ಮಗುವನ್ನು ಮತ್ತೆ ತೊಟ್ಟಿಲಿಗೆ ಹಾಕಿದರು. ಅಕ್ಕ ಮತ್ತೆ ಬಗ್ಗಿದರು. ಈ ಸಲ ಕೇಳಿಸಿತು — ಗಂಗಮ್ಮ. ಧಪಧಪನೆ ಗುದ್ದು. ಇತ್ತ ಬಾಗಿಲಲ್ಲಿ ಇಡೀ ಬೀದಿ ಕೂಗಿತು. ದೊಡ್ಡಮ್ಮ ಸೌಟು ಮರೆತು ಸಕ್ಕರೆ ಹಂಚಿದಳು.

"ಅಣ್ಣಾ, ಏನ್ ಶಿಕ್ಷೆ ಕೊಟ್ರೂ ಸರಿ" ಎಂದೆ.

ಅವರು ಕಣ್ಣೊರೆಸಿಕೊಂಡು, ಅಂಗಿಯ ತೋಳು ಮಡಚಿದರು.

"ನಮ್ಮಕ್ಕ ಏನೂ ತಪ್ಪು ಮಾಡಲಾರ್ದೇ ನಿನ್ ಸಲುವಾಗಿ ಎರಡು ಸಲ ಗುದ್ದು ತಿಂದಾಳ. ತಪ್ಪು ಮಾಡ್ದಾಂವ ನೀ ಒಮ್ಮೆನಾರ ತಿನ್ನಬೇಕಿಲ್ಲೋ ತಮ್ಮಾ? ಬಾಗು!"