ಬೆಂಡು ಮೂರನೇ ಸಲ ಮುಳುಗಿದಾಗ

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಜೀನ್ಸ್ ಯೂನಿಟ್ಟಿನಲ್ಲಿ ಗುಂಡಿ ಕೂರಿಸುವ ಕೆಲಸ ಮಾಡುವಾಗ, ಊಟದ ಹೊತ್ತಿಗೆ ಯಾರಾದರೂ ಸತ್ತ ಅತ್ತೆ ಬಾಗಿಲಲ್ಲಿ ನಿಂತಿದ್ದಳು ಎಂದು ಕಥೆ ತೆಗೆದರೆ ಡಬ್ಬಿ ಮುಚ್ಚಿ ಎದ್ದುಬಿಡುತ್ತಿದ್ದೆ. ಮನೆಗೆ ಬಂದು ಹೇಳಿದರೆ ನಮ್ಮನೆಯವರು ನಗುತ್ತಿದ್ದರು. "ಸತ್ತ ಮ್ಯಾಲೂ ಆಯಮ್ಮಗ ಸೊಸಿ ಮನಿನೇ ಬೇಕಂತೇನು?" ಎನ್ನುತ್ತಿದ್ದರು. ಈಗ ಅಂಥದ್ದೇ ಒಂದನ್ನು ನಾನು ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ನಮ್ಮನೆಯವರು ಬಳ್ಳಾರಿಯಲ್ಲಿ ಜೀನ್ಸ್ ಟೈಲರ್ ಆಗಿದ್ದರು. ಭಾನುವಾರ ಬಂತೆಂದರೆ ಕುರುಗೋಡಿನ ಬಸ್ಸು ಹತ್ತಿ, ಊರು ಬರುವ ಮೊದಲೇ ಇಳಿದು, ಗುಡ್ಡದ ಬುಡದ ಒಂದು ಕೆರೆಯಲ್ಲಿ ಗಾಳ ಹಾಕುವುದು ಅವರ ಹುಚ್ಚು. ಮಗಳು ರಜಿಯಾ ಏಳು ವರ್ಷದವಳಿದ್ದಾಗಿನಿಂದ ಅವರ ಜೊತೆಗೇ. ಬಿದಿರಿನ ಕೋಲು, ನೀರಿನ ಮೇಲೆ ತೇಲಲು ನವಿಲುಗರಿಯ ದಂಟಿನಿಂದ ಮಾಡಿದ ಬೆಂಡು. ಗಾಳದ ಗಂಟಿನ ಮೇಲೆ ಪ್ಯಾಂಟು ಹೊಲಿಯುವ ಕಿತ್ತಳೆ ಬಣ್ಣದ ದಾರವನ್ನು ಸುತ್ತಿರುತ್ತಿದ್ದರು. ಮೀನಿಗೆ ಮೈದಾ ಹಿಟ್ಟಿನ ಉಂಡೆ, ಅದರಲ್ಲಿ ಒಂದು ಚಿಟಿಕೆ ಇಂಗು. ಆ ಇಂಗಿಗೆಂದೇ ಬೇರೆ ಡಬ್ಬಿ ಇಟ್ಟಿದ್ದರು. ನನ್ನ ಸಾರಿಗೆ ಅದನ್ನು ಮುಟ್ಟಗೊಡುತ್ತಿರಲಿಲ್ಲ. ಕೆರೆಯಿಂದ ಬಂದ ದಿನ ಎಷ್ಟು ಸಲ ಸೋಪು ಹಾಕಿ ತೊಳೆದರೂ ಅವರ ಬೆರಳಿನಿಂದ ಇಂಗಿನ ವಾಸನೆ ಹೋಗುತ್ತಿರಲಿಲ್ಲ.

ಬೆಂಡು ಒಮ್ಮೆ ಮುಳುಗಿದರೆ ಕೋಲು ಎಳೆಯಬಾರದು. ಎರಡನೇ ಸಲವೂ ಎಳೆಯಬಾರದು. ಮೂರನೇ ಸಲಕ್ಕೆ ಎಳೆಯಬೇಕು. ಇದು ಅವರ ಪಾಠ. ರಜಿಯಾ ಅವಸರದ ಹುಡುಗಿ. ಅದಕ್ಕೇ ಅವರು ಎಡಕ್ಕೆ ಕುಳಿತು, ಎರಡು ಬೆರಳಿನಿಂದ ಅವಳ ಮಣಿಕಟ್ಟು ಹಿಡಿದಿರುತ್ತಿದ್ದರಂತೆ. ಮೂರನೇ ಸಲ ಬೆಂಡು ಮುಳುಗಿದಾಗ ಬಿಡುತ್ತಿದ್ದರಂತೆ. ನಾನು ಅವರಿರುವಾಗ ಒಮ್ಮೆಯೂ ಕೆರೆಗೆ ಹೋದವಳಲ್ಲ. "ನಿಮ್ಮ ಹಿಡಿತದಿಂದನ ಮೀನ ಹೋತು", "ನಿನ್ನ ಗಡಿಬಿಡಿಯಿಂದ ಹೋತು ನೋಡಲೇ" ಎಂದು ಇಬ್ಬರೂ ಜಗಳವಾಡುತ್ತ ಮನೆಗೆ ಬರುತ್ತಿದ್ದರಲ್ಲ, ಹಾಗೆ ಗೊತ್ತು.

ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಶನಿವಾರ ಮೊಬೈಲಿನ ವಿಷಯಕ್ಕೆ ತಂದೆ ಮಗಳಿಗೆ ಮಾತಾಯಿತು. ಮರುದಿನ ಬೆಳಿಗ್ಗೆ ಅವರು ಕೋಲು ಹಿಡಿದು ಬಾಗಿಲಲ್ಲಿ ನಿಂತು, "ಏಳಲೇ ರಜ್ಜು, ಬಸ್ ಹೋಗ್ತೈತಿ" ಎಂದು ಕರೆದರು. ಅವಳು ಹೊದಿಕೆ ತೆಗೆಯಲಿಲ್ಲ. "ನೀವೇ ಹೋಗ್ರಿ. ಇನ್ಮ್ಯಾಲೆ ನಾ ಬರಾಂಗಿಲ್ಲ" ಎಂದಳು. ಅವರು ಒಬ್ಬರೇ ಹೋದರು. ಮಧ್ಯಾಹ್ನ ಊಟಕ್ಕೆ ಬರುತ್ತೀರೋ ಇಲ್ಲವೋ ಎಂದು ಕೇಳಲು ನಾನು ಫೋನ್ ಮಾಡಿದರೆ, ಎತ್ತಿದ್ದು ಕುರಿ ಕಾಯುವ ಒಬ್ಬ ಅಜ್ಜ. ಗಾಳ ನೀರಲ್ಲಿತ್ತಂತೆ, ಇವರು ಕುಳಿತಲ್ಲೇ ತೀರಿಕೊಂಡಿದ್ದರು. ಹೃದಯ ನಿಂತಿದೆ ಎಂದರು ಡಾಕ್ಟರು.

ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರುತ್ತಾಳೆ, ಹೊಸ್ತಿಲು ದಾಟುವುದಿಲ್ಲ. ನನಗೆ ಹೊರಗೆ ಹೋಗುವಂತಿರಲಿಲ್ಲ, ರಜಿಯಾ ಹೊರಗೆ ಹೋಗಲಿಲ್ಲ. ಶಾಲೆ ಬಿಟ್ಟಳು. ಅಳಲಿಲ್ಲ. ಕೇಳಿದ್ದಕ್ಕೆ ಹ್ಞೂ, ಊಹ್ಞೂ. ಒಂದು ದಿನ ಅವಳ ನೋಟ್‌ಬುಕ್ಕಿನ ಹಿಂದಿನ ಹಾಳೆ ನೋಡಿದೆ. "ನಾನು ಹೋಗಿದ್ದರೆ ಅಬ್ಬಾ ಉಳಿಯುತ್ತಿದ್ದರು" ಎಂಬ ಒಂದೇ ಸಾಲನ್ನು ಹಾಳೆ ತುಂಬ ಬರೆದಿದ್ದಳು. ಅವತ್ತಿನಿಂದ ನಾನು ಸರಿಯಾಗಿ ಮಲಗಲಿಲ್ಲ.

ಇದ್ದತ್ ಮುಗಿದ ದಿನ ತವರಿನವರು ಬಂದು ಕರೆದೊಯ್ಯುವುದು ನಮ್ಮ ಮನೆತನದ ರೂಢಿ. ಸಿರುಗುಪ್ಪದಿಂದ ಅಮ್ಮ ಬಂದು ಬ್ಯಾಗು ಕಟ್ಟುತ್ತಿದ್ದರು. ಆಗ ರಜಿಯಾ ಮೂಲೆಯಲ್ಲಿದ್ದ ಕೋಲು ತಂದು ನನ್ನ ಮುಂದೆ ಇಟ್ಟು, "ಅಮ್ಮಿ, ಕೆರಿಗೆ ಹೋಗಾನ" ಎಂದಳು. ತಾನಾಗಿ ಆಡಿದ ಮೊದಲ ಮಾತು ಅದು.

ಅಮ್ಮ ಕೂಗಾಡಿದರು. "ಮನಿ ಬಿಟ್ಟು ಮೊದಲನೇ ಹೆಜ್ಜಿ ಆ ಜಾಗಕ್ಕ ಇಡ್ತೀಯೇನ? ತಲಿ ನೆಟ್ಟಗೈತಿಲ್ಲೋ ನಿನಗ?"

ನನಗೂ ಭಯವಿತ್ತು. ಅವಳಿಗೆ ಬೇಕಾದದ್ದು ಮೀನೋ, ನೀರೋ ಎಂಬ ಭಯ. ಆದರೆ ನಾನು ಕರೆದೊಯ್ಯದಿದ್ದರೆ ಒಬ್ಬಳೇ ಹೋಗುತ್ತಾಳೆ ಎಂಬ ಭಯ ಅದಕ್ಕಿಂತ ದೊಡ್ಡದಿತ್ತು. ಅವಸರದಲ್ಲಿ ಮೈದಾ ಕಲಸಿ ಹೊರಟೆ. ಇಂಗು ಮರೆತದ್ದು ಬಸ್ಸಿನಲ್ಲಿ ನೆನಪಾಯಿತು. ಹೇಳಿದೆ. "ಹೋಗ್ಲಿ ಬಿಡು" ಎಂದು ಕಿಟಕಿ ಕಡೆ ತಿರುಗಿದಳು.

ಮೋಡ ಕವಿದ ಮಧ್ಯಾಹ್ನ. ಅವತ್ತು ಫೋನ್ ಎತ್ತಿದ್ದ ಅಜ್ಜ ದಾರಿಯಲ್ಲೇ ಸಿಕ್ಕರು. ಕೋಲು ನೋಡಿ ಗುರುತು ಹಿಡಿದು, ದಂಡೆಯಲ್ಲಿ ಒಂದು ಚಪ್ಪಟೆ ಕಲ್ಲು ತೋರಿಸಿದರು. "ಇಲ್ಲೇ ಕುಂತಿದ್ರವ್ವಾ. ನಿದ್ದಿ ಹತ್ತೈತಿ ಅನ್ಕಂಡು ಬೈದೆ, ಮೀನ ಗಾಳ ಎಳಕಂಡು ಹೋಗ್ತೈತೋ ಮಾರಾಯಾ ಅಂತ." ಅಷ್ಟು ಹೇಳಿ ಕುರಿ ಹೊಡೆದುಕೊಂಡು ಗುಡ್ಡದ ಆಚೆಗೆ ಹೋದರು. ಕೆರೆಯ ಹತ್ತಿರ ಉಳಿದವರು ನಾವಿಬ್ಬರೇ.

ಅವಳು ಆ ಕಲ್ಲಿನ ಮೇಲೆ ಕುಳಿತಳು. ನಾನು ಪಕ್ಕಕ್ಕೆ ಹೋದರೆ, "ಅಲ್ಲೇ ಮ್ಯಾಲೆ ಕುಂದ್ರು ಅಮ್ಮಿ, ಹೆಜ್ಜಿ ಸಪ್ಪಳಕ್ಕ ಮೀನ ಬರಾಂಗಿಲ್ಲ" ಎಂದಳು. ಹತ್ತು ಹೆಜ್ಜೆ ಮೇಲಿದ್ದ ಬಂಡೆಗುಂಡಿನ ಮೇಲೆ ಕುಳಿತೆ. ಅವಳು ನೀರಿಗೆ ಒಂದು ಕಾಲಿಟ್ಟರೂ ಓಡಬೇಕೆಂದು ಚಪ್ಪಲಿ ಬಿಚ್ಚಿಟ್ಟಿದ್ದೆ. ಅವಳ ಮೇಲಿಂದ ಕಣ್ಣು ತೆಗೆಯಲಿಲ್ಲ. ಇದನ್ನು ನೀವು ನೆನಪಿಡಬೇಕು.

ಬಹಳ ಹೊತ್ತು ಏನೂ ಆಗಲಿಲ್ಲ. ಅವಳು ಬೆಂಡು ನೋಡುತ್ತಿರಲಿಲ್ಲ, ಅದರ ಆಚೆಯ ನೀರು ನೋಡುತ್ತಿದ್ದಳು. ಕೋಲು ಕೈಯಿಂದ ಜಾರತೊಡಗಿತು. ಅವಳು ಅರ್ಧ ಎದ್ದಳು. ನಾನೂ ಏಳಬೇಕು, ಅಷ್ಟರಲ್ಲಿ ಬೆಂಡು ಮುಳುಗಿತು. "ಎಳಿಯಲೇ!" ಎಂದು ಕೂಗಿದೆ. ಅವಳು ಎಳೆಯಲಿಲ್ಲ. ಯಾರೋ ಕೂರಿಸಿದ ಹಾಗೆ ಮೆಲ್ಲಗೆ ಕುಳಿತಳು. ಜಾರುತ್ತಿದ್ದ ಕೋಲನ್ನು ಬಿಗಿಯಾಗಿ ಹಿಡಿದಳು. ಬೆಂಡು ಎರಡನೇ ಸಲ ಮುಳುಗಿತು. ಅವಳ ಬಲಗೈ ಅಲುಗಲಿಲ್ಲ. ಮುಖ ಸ್ವಲ್ಪ ಎಡಕ್ಕೆ ವಾಲಿತ್ತು. ಮೂರನೇ ಸಲಕ್ಕೆ ಒಂದೇ ಏಟಿಗೆ ಎಳೆದಳು.

ಅಂಗೈಯಗಲದ ಜಿಲೇಬಿ ಮೀನು ಹುಲ್ಲಿನಲ್ಲಿ ಒದ್ದಾಡುತ್ತಿತ್ತು. ಅವಳು ಅದನ್ನು ಮುಟ್ಟದೆ ಎರಡೂ ಕೈ ನೆಲಕ್ಕೂರಿ ಅಳತೊಡಗಿದಳು. ನಾಲ್ಕು ತಿಂಗಳ ಅಳು. ನಾನು ಇಳಿದು ಹೋಗಿ ತಬ್ಬಿಕೊಂಡೆ. ಬಿಕ್ಕುತ್ತಲೇ, "ಯಾಕ ಅಷ್ಟು ಬಿಗಿ ಹಿಡ್ದಿದ್ದಿ ಅಮ್ಮಿ? ಅಬ್ಬಾನೂ ಇಷ್ಟು ಬಿಗಿ ಹಿಡೀತಿರಲಿಲ್ಲ" ಎಂದಳು. ಮೂಗು ಒರೆಸಿಕೊಂಡು, "ಇಂಗು ಮರ್ತೀನಿ ಅಂತ ಸುಳ್ಳು ಹೇಳಿದ್ದಿ, ಹೌದಿಲ್ಲೋ?" ಎಂದಳು.

ಅವಳ ಬಲಗೈ ಮಣಿಕಟ್ಟನ್ನು ಮೂಗಿನ ಹತ್ತಿರ ತಂದುಕೊಂಡೆ. ಇಂಗಿನ ವಾಸನೆ ಇತ್ತು. ಆಮೇಲೆ ಕೋಲು ಮೂಸಿದೆ, ಚೀಲ ಮೂಸಿದೆ, ಉಳಿದ ಹಿಟ್ಟು ಮೂಸಿದೆ. ಎಲ್ಲಿಯೂ ಇರಲಿಲ್ಲ.

"ಹ್ಞೂ, ನಾನೇ ಹಿಡ್ದಿದ್ದೆ" ಎಂದೆ.

ಮೀನನ್ನು ನೀರಿಗೆ ಬಿಟ್ಟು ಬಂದೆವು. ಮನೆಯಲ್ಲಿ ಇಂಗಿನ ಡಬ್ಬಿ ಅವರು ಇಟ್ಟಲ್ಲೇ ಇತ್ತು, ಮುಚ್ಚಳದ ಮೇಲೆ ಧೂಳು ಕೂತಿತ್ತು. ಎಂಟು ದಿನಕ್ಕೆ ರಜಿಯಾ ಶಾಲೆಗೆ ಹೋದಳು.

ನೆನಪಿಗೂ ವಾಸನೆ ಇರಬಹುದು. ತಾಯಿಯ ಕೂಗು ಕೇಳಿದ ಮಗಳಿಗೆ ಅವಳೇ ಕೈ ಹಿಡಿದಂತೆ ಅನಿಸಿರಬಹುದು. ಹೀಗೆಲ್ಲ ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ, ಒಂದೂ ಪೂರ್ತಿ ಹೊಂದುವುದಿಲ್ಲ. ಹೋದ ತಿಂಗಳು ಅವಳು ನರ್ಸಿಂಗ್ ಕಲಿಯಲು ಹಾಸ್ಟೆಲಿಗೆ ಹೊರಟಾಗ ಬಾಗಿಲಲ್ಲಿ ನಿಂತು, "ಅವತ್ತು ನೀ ಕೈ ಹಿಡೀದೇ ಇದ್ದಿದ್ರ ಅಮ್ಮಿ, ನಾನು..." ಎಂದು ಅಲ್ಲಿಗೇ ನಿಲ್ಲಿಸಿದಳು. ಮುಂದಿನದನ್ನು ನಾನು ಕೇಳಲಿಲ್ಲ. ಬಸ್ಸಿಗೆ ಹೊತ್ತಾಯಿತು ನಡಿ ಎಂದೆ.

ಅವಳಿಗೆ ನಾನು ಇನ್ನೂ ನಿಜ ಹೇಳಿಲ್ಲ. ಅವಳು ಮೀನು ಎಳೆಯುವವರೆಗೆ ನಾನು ಆ ಬಂಡೆಗುಂಡಿನ ಮೇಲಿಂದ ಎದ್ದೇ ಇರಲಿಲ್ಲ.