ಫಲಕದ ಬೆನ್ನಿನ ನೀರು

ಮುಂಬಯಿ ಹತ್ತಿರದ ಘಣಸೋಲಿಯಲ್ಲಿ, ಒಂದು ಲಾಂಡ್ರಿಯ ಟೆರೇಸಿನಲ್ಲಿ ನಾನು ನೋಡಿಕೊಳ್ಳುತ್ತಿದ್ದ ಯಂತ್ರದ ಕನ್ನಡಿಗಳು ಬಿಸಿಲನ್ನು ಅಂಗೈಯಗಲದ ಒಂದು ಫಲಕದ ಮೇಲೆ ಕೂಡಿಸುತ್ತಿದ್ದವು. ಫಲಕದಿಂದ ಕರೆಂಟು ಬರುತ್ತಿತ್ತು. ಅದರ ಬೆನ್ನಿಗಂಟಿದ ಕೊಳವೆಯ ನೀರು ಕಾವನ್ನು ಹೊತ್ತು, ಕೆಳಗೆ ಆಸ್ಪತ್ರೆಯ ಚಾದರ ಒಗೆಯುವ ನೀರಿನ ಟಾಕಿಗೆ ಇಳಿಯುತ್ತಿತ್ತು. ನೀರು ನಿಂತರೆ ಫಲಕ ಸುಡುತ್ತದೆ. ಆಗ ಕನ್ನಡಿಗಳನ್ನು ಬಿಸಿಲಿನಿಂದ ಆಚೆ ತಿರುಗಿಸಲೆಂದೇ ಒಂದು ಸೆನ್ಸರ್ ಇತ್ತು. ಅದು ಕೆಟ್ಟಿತ್ತು. ಹೊಸದು ಬರುವ ತನಕ ನಡೆಯಲಿ ಎಂದು ಅದನ್ನು ಬಿಟ್ಟು ವಯರ್ ಜೋಡಿಸಿದವಳು ನಾನು. ಯಾರಿಗೂ ಹೇಳಿರಲಿಲ್ಲ.

ಅಲ್ಲಿ ಕನ್ನಡಿ ಒರೆಸುತ್ತಿದ್ದ ಒಬ್ಬರು ವಿಜಯಪುರದ ಕಡೆಯವರು, ನನಗಿಂತ ಹಿರಿಯರು. ಠಾಕುರ್ಲಿಯಲ್ಲಿ ಅವರಿರುವ ಚಾಳಿನ ಸಾಲುಮನೆಗಳಲ್ಲಿ ನಳದ ನೀರು ದಿನಕ್ಕೆ ಒಂದೇ ತಾಸು. ಟಾಕಿ ತುಂಬಿದ ಕೂಡಲೇ ವಾಲ್ ಮುಚ್ಚುವುದು ಅವರ ಕೈಗೆ ರೂಢಿಯಾಗಿತ್ತು. ಆ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಇಲ್ಲಿಯೂ ಹಾಗೆಯೇ ಕೊಳವೆಯ ವಾಲ್ ಮುಚ್ಚಿದರು.

ನಾನು ಆರು ಹೆಜ್ಜೆ ದೂರದಲ್ಲಿದ್ದೆ. ಮೊದಲು ಸುಟ್ಟ ವಾಸನೆ ಬಂತು. ಆಮೇಲೆ ಫಲಕದ ಗಾಜು ಟಪ್ಪೆಂದಿತು. ಕೊಳವೆಯ ಬೆಸುಗೆ ಬಿಚ್ಚಿ, ಹಬೆ ಅವರ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಅವರು ಕುಳಿತುಬಿಟ್ಟರು.

"ಟಾಕಿ ತುಂಬಿತ್ರಿ ಅಕ್ಕಾರ. ನೀರು ಸುಮ್ನ ಹರ್ಯಾಕತ್ತಿತ್ತು. ಪೋಲಾಗ್ತದಂತ ಬಂದ್ ಮಾಡೀನ್ರಿ."

ಕೆಳಗೆ ಆಫೀಸಿನಲ್ಲಿ, ಮಂಗಳೂರಿನವರಾದ ಮ್ಯಾನೇಜರು ರಿಪೋರ್ಟಿನ ಹಾಳೆ ನನ್ನತ್ತ ಸರಿಸಿದರು.

"ವಾಲ್ ಮುಚ್ಚಿದ್ದು ಅವನೇ ಅಲ್ವಾ? ಅಷ್ಟು ಬರೆದ್ರೆ ಸಾಕು. ನಾಳೆಯಿಂದ ಅವನು ಬೇಡ."

"ಸೆನ್ಸರ್ ತಪ್ಪಿಸಿದ್ದು ನಾನು, ಸರ್."

"ಅದನ್ನು ನಿಮ್ಮ ಹತ್ರ ಯಾರು ಕೇಳಿದ್ರು ಮಾರಾಯ್ರೇ? ಮೇಲೆ ಸುಟ್ಟದ್ದು ಸಾಕಾಗ್ಲಿಲ್ವಾ, ಈಗ ನಿಮ್ಮ ಕೆಲಸವನ್ನೂ ಸುಡ್ಬೇಕಾ?"

ಹಾಳೆ ಎಳೆದುಕೊಂಡೆ. ಅಕ್ಷರ ಓದಲು ಬರುವಂತಾಗುವ ತನಕ ಮೂರು ಸಲ ಬರೆದೆ. ನಡೆದದ್ದನ್ನು ನಡೆದ ಕ್ರಮದಲ್ಲೇ ಇಟ್ಟೆ: ಮೊದಲು ನನ್ನ ವಯರ್, ನಂತರ ನಾನು ಹೇಳದೆ ಇದ್ದದ್ದು, ಕೊನೆಗೆ ಕನ್ನಡಿ ಒರೆಸುವವರು ಮುಚ್ಚಿದ ವಾಲ್. ಮ್ಯಾನೇಜರ ಎದುರಿಗೇ ಹಾಳೆಯ ಫೋಟೊ ತೆಗೆದು ಥಾಣೆ ಊರಿನ ಮುಖ್ಯ ಆಫೀಸಿಗೆ ಕಳಿಸಿದೆ. 

ನನಗೆ ಕಾರಣ ಕೇಳುವ ನೋಟಿಸು ಬಂತು. ಕನ್ನಡಿ ಒರೆಸುವವರ ಕೆಲಸ ಉಳಿಯಿತು. ಹೊಸ ಫಲಕ, ಹೊಸ ಸೆನ್ಸರ್ ಬಂದ ದಿನ ಎಲ್ಲವನ್ನೂ ತೋರಿಸಿ ವಿವರಿಸುತ್ತೇನೆಂದು ಅವರನ್ನು ಕರೆದೆ. ಅವರು ಮೆಟ್ಟಿಲ ಬುಡದಲ್ಲೇ ನಿಂತರು.

"ಮೊದ್ಲ ಹೇಳಬಾರದಿತ್ತೇನ್ರಿ?"

"ಹೇಳಬೇಕಿತ್ತು. ತಪ್ಪು ನನ್ನದು."

ಅವರು ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು. "ನೀವು ಮುಂದ ಹತ್ರಿ ಅಕ್ಕಾರ. ಹಿಂದ ನಾ ಬರ್ತೀನಿ."

ನಾನು ಮೆಟ್ಟಿಲು ಹತ್ತಿದೆ.