ಸುಮಿತ್ರಾ ಎಲ್ಲಿಗೆ ಟಿಕೀಟು ತಗೊಂಡಳು

ಆಗೆಲ್ಲ ನಮಗೆ ಬೇಸಿಗೆ ರಜೆ ಎಂದರೆ ಊರು ಬದಲಿಸುವುದು, ಅಷ್ಟೇ. ಪರೀಕ್ಷೆ ಮುಗಿದ ಮರುದಿನ ಅಪ್ಪ ನನ್ನನ್ನು ಬಾಗಲಕೋಟೆಯಿಂದ ಇಳಕಲ್ಲಿಗೆ, ದೊಡ್ಡವ್ವನ ಮನೆಗೆ ಕರೆದೊಯ್ಯುತ್ತಿದ್ದ. ಬಸ್ಸು ಅಮೀನಗಡದಲ್ಲಿ ನಿಂತಾಗ ತುಪ್ಪ, ಬೆಲ್ಲದ ವಾಸನೆ ಕಿಟಕಿಯೊಳಗೇ ಬರುತ್ತಿತ್ತು. ದೊಡ್ಡವ್ವನಿಗೆಂದು ಕೊಂಡ ಕರದಂಟಿನ ಪೊಟ್ಟಣ ಹುನಗುಂದ ದಾಟುವಷ್ಟರಲ್ಲಿ ಅರ್ಧ ಖಾಲಿಯಾಗಿರುತ್ತಿತ್ತು. ಅಪ್ಪ ನೋಡಿಯೂ ನೋಡದವನಂತೆ ಕೂತಿರುತ್ತಿದ್ದ.

ದೊಡ್ಡವ್ವನ ಮನೆಯ ಪಡಸಾಲೆಯಲ್ಲಿ ಕುಣಿ ಮಗ್ಗವಿತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅವಳು ಮುಂಜಾನೆಯಿಂದಲೇ ಸೀರೆ ನೇಯಲು ಕೂಡುತ್ತಿದ್ದಳು. ಬಿಸಿಲೇರಿದ ಮೇಲೆ ಓಣಿಯಲ್ಲಿ ಆಡಲು ಯಾರೂ ಬಿಡುತ್ತಿರಲಿಲ್ಲ. ಕಿಟಕಿಗೆ ತೊಯ್ಸಿದ ಗೋಣಿಚೀಲ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ, ಗಂಜಿ ಹಾಕಿದ ನೂಲಿನ ಹುಳಿ ವಾಸನೆ, ಮತ್ತೆ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಿಂದ ಬಾಡಿಗೆಗೆ ತಂದ ಕಾದಂಬರಿ. ಮಧ್ಯಾಹ್ನ ಕಳೆಯಲು ಇನ್ನೇನು ಬೇಕು?

ದೊಡ್ಡವ್ವನಿಗೆ ಓದಲು ಬರುತ್ತಿರಲಿಲ್ಲ, ಕಥೆಯ ಹುಚ್ಚು ಮಾತ್ರ ವಿಪರೀತ. ನಾನು ಕುಣಿಯ ಅಂಚಿಗೆ ಕೂತು ಗಟ್ಟಿಯಾಗಿ ಓದಬೇಕು, ಅವಳು ನೇಯಬೇಕು. ಎಳೆಗಳ ನಡುವೆ ಅತ್ತಿತ್ತ ಓಡುವ ಲಾಳಿಯ ಸದ್ದನ್ನು ಮೀರಿ ಕೇಳಿಸಬೇಕಲ್ಲ, ಹಾಗಾಗಿ ಪ್ರೇಮಪತ್ರ ಬಂದರೂ ಸಂತೆಯಲ್ಲಿ ಬದನೆಕಾಯಿ ಮಾರುವವರ ದನಿಯಲ್ಲೇ ಓದುತ್ತಿದ್ದೆ. ಕಥೆ ಬಿಗಿಯಾದರೆ ಮಗ್ಗ ತಾನಾಗಿ ನಿಲ್ಲುತ್ತಿತ್ತು. ನಿಂತದ್ದೇ ತಡ, ಪಕ್ಕದ ಮನೆಯ ಖಾತೂನ ಚಾಚಿ ಗೋಡೆಯಾಚೆಯಿಂದ ಕೇಳುತ್ತಿದ್ದಳು.

"ನೀಲಕ್ಕಾ, ಮಗ್ಗ ನಿಂತತಲ್ಲ, ಏನಾತು?"

"ಅತ್ತಿ ಆಕೀನ ಹೊರಗ ಹಾಕಿದ್ಲು," ಎನ್ನುವಳು ದೊಡ್ಡವ್ವ. ಚಾಚಿ ನೂಲು ಸುತ್ತುವ ರಾಟಿಯನ್ನು ಎತ್ತಿಕೊಂಡು ನಮ್ಮ ಮನೆಗೇ ಬಂದುಬಿಡುತ್ತಿದ್ದಳು.

ಒಂದು ಬೇಸಿಗೆಯಲ್ಲಿ ತಂದ ಕಾದಂಬರಿಯಲ್ಲಿ ಸುಮಿತ್ರಾ ಎಂಬ ಸೊಸೆ ಇದ್ದಳು. ಅವಳದಲ್ಲದ ತಪ್ಪಿಗೆ ಗಂಡನ ಮನೆಯವರು ಅವಳ ಮೇಲೆ ಅಪವಾದ ಹೊರಿಸಿದ್ದರು. ಒಂದು ನಸುಕಿನಲ್ಲಿ ಅವಳು ಸಣ್ಣ ಟ್ರಂಕು ಹಿಡಿದು, ಯಾರಿಗೂ ಹೇಳದೆ ಬಸ್ಸು ಹತ್ತುತ್ತಾಳೆ. ಕಂಡಕ್ಟರ್ ಬಂದು "ಎಲ್ಲಿಗೆ?" ಎಂದು ಕೇಳುತ್ತಾನೆ. ಅಲ್ಲಿಗೆ ಅಧ್ಯಾಯ ಮುಗಿಯಿತು, ನನ್ನ ಗಂಟಲೂ ಒಣಗಿತ್ತು. ಉಳಿದದ್ದನ್ನು ನಾಳೆ ಓದುವುದೆಂದು ಪುಸ್ತಕ ಮಡಿಚಿಟ್ಟೆ. ಆಶ್ಚರ್ಯವೆಂದರೆ ಅವತ್ತು ಮಗ್ಗ ನಿಂತಿರಲೇ ಇಲ್ಲ.

ಸಂಜೆ ದೊಡ್ಡಪ್ಪ ಬಂದವನು ಸೆರಗಿನ ಮೇಲೆ ಕೈಯಾಡಿಸಿದ. ಇಳಕಲ್ಲ ಸೀರೆಯ ಸೆರಗೆಂದರೆ ಕೆಂಪಿನ ನಡುವೆ ಎರಡು ಬಿಳಿ ಪಟ್ಟಿ. ಅದನ್ನು ಈ ಊರಿನ ಕೂಸೂ ಹೇಳುತ್ತದೆ.

"ಇದೇನ ನೀಲಾ, ಮೂರನೇ ಪಟ್ಟಿ ಎಲ್ಲಿಂದ ಬಂತು?"

ದೊಡ್ಡವ್ವ ಬಗ್ಗಿ ನೋಡಿ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. "ಕೈ ತನ್ನಷ್ಟಕ್ಕ ತಾನ ನೇಯ್ಕೋತ ಹೋಗೇತಿ ನೋಡ್ರಿ. ನಾ ಬಸ್ಸಿನ್ಯಾಗ ಇದ್ದೆ."

ದೊಡ್ಡಪ್ಪ ಬೈಯಲಿಲ್ಲ. ದೀಪದ ಕೆಳಗೆ ಕೂತು ಆ ಪಟ್ಟಿಯನ್ನು ಎಳೆ ಎಳೆಯಾಗಿ ಬಿಚ್ಚಿದ. ಒಮ್ಮೆ ಬಿಚ್ಚಿದ ರೇಷ್ಮೆ ಮೊದಲಿನ ಹಾಗೆ ಕೂಡುವುದಿಲ್ಲ, ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು. "ಮಗ್ಗದ ಮುಂದ ಇನ್ನ ಪುಸ್ತಕ ಬ್ಯಾಡ," ಎಂದಷ್ಟೇ ಹೇಳಿ, ಮರುದಿನ ಮುಂಜಾನೆ ತಾನೇ ಪುಸ್ತಕ ಒಯ್ದು ಅಂಗಡಿಗೆ ಕೊಟ್ಟುಬಂದ. ಗುಟ್ಟಾಗಿ ಮತ್ತೆ ತರೋಣವೆಂದು ನಾನು ಓಡಿದೆ. ಅಷ್ಟರಲ್ಲಿ ಯಾರೋ ಒಯ್ದಿದ್ದರು. ಸುಮಿತ್ರಾ ಕಂಡಕ್ಟರನ ಮುಂದೆ ಬಾಯಿಬಿಡದೆ ಕೂತೇ ಇದ್ದಳಲ್ಲ!

ತಡೆಯಲಾರದೆ ಮೊದಲು ಬಾಯಿಬಿಟ್ಟವಳು ಚಾಚಿ.

"ಕೂಡಲಸಂಗಮಕ್ಕ ಟಿಕೀಟ ತಗೊಂಡಿರ್ತಾಳ ತಗೀರಿ. ಅಲ್ಲಿ ಮಠದಾಗ ಊಟರ ಸಿಗತೈತಿ."

"ಊಟಕ್ಕ ಕೈಯೊಡ್ಡೂ ಪೈಕಿ ಅಲ್ಲ ಆಕಿ," ಎಂದಳು ದೊಡ್ಡವ್ವ, ಲಾಳಿ ಎಸೆಯುತ್ತಲೇ. "ಅಮೀನಗಡದಾಗ ಇಳದಾಳ. ಕರದಂಟಿನ ಅಂಗಡ್ಯಾಗ ಕೆಲಸಕ್ಕ ನಿಂತಾಳ."

"ಸಾಲಿ ಕಲತಾಕಿ ಕರದಂಟಿನ ಅಂಟು ಕುಟ್ಟತಾಳೇನ?"

"ಯಾಕ, ಕಲತವ್ರು ಉಣ್ಣಂಗಿಲ್ಲೇನ?"

ಹೀಗೆ ಶುರುವಾದದ್ದು ವಾರಗಟ್ಟಲೆ ನಡೆಯಿತು. ನೀರು ತುಂಬುವಾಗ, ಹಪ್ಪಳ ಒಣಹಾಕುವಾಗ, ಮಾಳಿಗೆಯ ಮೇಲೆ ಹಾಸಿಗೆ ಬಿಡಿಸುವಾಗ ಅದೇ ಮಾತು. ಟ್ರಂಕಿನಲ್ಲಿ ಏನೇನಿತ್ತು, ಬಸ್ಸಿನಲ್ಲಿ ಪಕ್ಕದಲ್ಲಿ ಯಾರು ಕೂತಿದ್ದರು, ಹೊಸ ಊರಲ್ಲಿ ಅವಳಿಗೆ ಮೊದಲು ನೀರು ಕೊಟ್ಟವರು ಯಾರು, ಒಂದೊಂದನ್ನೂ ನಾವು ಕೆದಕಿದೆವು. ಪುಸ್ತಕವಿದ್ದಾಗ ನನಗೆ ಇಂಥ ಪ್ರಶ್ನೆಗಳೇ ಹೊಳೆದಿರಲಿಲ್ಲ. ನಮ್ಮ ಮಾತು ಕಿವಿಗೆ ಬಿದ್ದೇ ಇಲ್ಲವೆಂಬಂತೆ ದೊಡ್ಡಪ್ಪ ಓಡಾಡುತ್ತಿದ್ದ. ಒಂದು ದಿನ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟವನೇ ಹೇಳಿದ.

"ಅಮೀನಗಡದಾಗ ಒಬ್ಬಾಕಿಗೆ ಮನಿ ಯಾರು ಕೊಡ್ತಾರ? ಇಳಕಲ್ಲಿಗೆ ಬರ್ಲಿ. ಇಲ್ಲಿ ಕೈ ಇದ್ದವ್ರಿಗೆ ಕೆಲಸಕ್ಕ ಕಮ್ಮಿ ಇಲ್ಲ."

ದೊಡ್ಡವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಂದಿನಿಂದ ಸುಮಿತ್ರಾ ನಮ್ಮ ಓಣಿಯ ಆಚೆಗಿನ ಓಣಿಯಲ್ಲಿ, ಬೇವಿನ ಗಿಡದ ಎದುರಿನ ಮನೆಯಲ್ಲಿ ಇರತೊಡಗಿದಳು. ಮಧ್ಯಾಹ್ನ ಬಿಸಿಗಾಳಿ ಬೀಸಿದರೆ ಚಾಚಿ, "ಆಕಿ ಮನ್ಯಾಗ ಫ್ಯಾನ್ ಐತೋ ಇಲ್ಲೋ," ಎನ್ನುತ್ತಿದ್ದಳು. ನಾನು ಒಮ್ಮೆ ಹೋಗಿ ಆ ಮನೆಯ ಬಾಗಿಲನ್ನು ನೋಡಿಯೂ ಬಂದೆ. ಬೀಗ ಹಾಕಿತ್ತು. ಕೆಲಸಕ್ಕೆ ಹೋಗಿರಬೇಕು ಎಂದುಕೊಂಡೆ.

ಸಾಲಿ ಶುರುವಾಗುವ ಹೊತ್ತಿಗೆ ದೊಡ್ಡಪ್ಪನೇ ಆ ಪುಸ್ತಕವನ್ನು ಮತ್ತೆ ತಂದು ನನ್ನ ಮುಂದೆ ಇಟ್ಟ. "ಊರಿಗಿ ಹೋಗೂದ್ರಾಗ ಓದಿ ಮುಗಸು. ಮಗ್ಗ ನಿಂದರಸಿ ಕೇಳ್ರಿ ಮತ್ತ," ಎಂದ. ಚಾಚಿಯನ್ನು ಕರೆದೆವು. ನಾನು ಕಂಡಕ್ಟರ್ ಕೇಳಿದ ಪುಟ ತೆಗೆದೆ. ದೊಡ್ಡವ್ವ ಕುಣಿಯಿಂದ ಕೈ ಚಾಚಿ ಪುಟದ ಮೇಲೆ ಅಂಗೈ ಇಟ್ಟಳು.

"ಬ್ಯಾಡವಾ. ಬರದಾವ ಆಕೀನ ಎಲ್ಲಿ ಇಳಿಸ್ಯಾನೋ ಏನೋ. ಇಲ್ಲಿ ಆರಾಮ ಅದಾಳ, ಇರ್ಲಿ."

ಚಾಚಿಯೂ ಹೂಂಗುಟ್ಟಿದಳು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಆದರೂ ಓದಲಿಲ್ಲ.

ಈಗ ಆ ಓಣಿಯಲ್ಲಿ ಪವರ್‌ಲೂಮುಗಳು ಓಡುತ್ತವೆ. ಯಾರ ಮನೆಯಲ್ಲಿ ಏನಾದರೂ ಅವು ನಿಲ್ಲುವುದಿಲ್ಲ. ನಾನೂ ಬಾಯಿ ಮುಚ್ಚಿಕೊಂಡು, ಕಣ್ಣಲ್ಲೇ ಬಿರಬಿರನೆ ಓದುವವಳಾಗಿದ್ದೇನೆ. ಎಷ್ಟೋ ಪುಸ್ತಕ ಓದಿದ್ದೇನೆ, ಯಾವ ಪಾತ್ರಕ್ಕೂ ಇರಲು ಮನೆ ಹುಡುಕಿಕೊಟ್ಟಿಲ್ಲ. ಹೋದ ಬೇಸಿಗೆಯಲ್ಲಿ ಬಾಗಲಕೋಟೆಯ ಗ್ರಂಥಾಲಯದಲ್ಲಿ ಅದೇ ಕಾದಂಬರಿ ಕೈಗೆ ಸಿಕ್ಕಿತು. ನಿಂತಲ್ಲೇ ಕೊನೆಯವರೆಗೂ ಓದಿದೆ. ಬರೆದವರು ಸುಮಿತ್ರಾಳನ್ನು ಮುಂದಿನ ಸ್ಟಾಪಿನಲ್ಲೇ ಇಳಿಸಿ, ಅವಳಿಂದಲೇ ಕ್ಷಮೆ ಕೇಳಿಸಿ, ಗಂಡನ ಮನೆಗೇ ಕಳಿಸಿಬಿಟ್ಟಿದ್ದರು. ಕೂಡಲೇ ಇಳಕಲ್ಲಿನ ಬಸ್ಸು ಹತ್ತಬೇಕೆನಿಸಿತು. ಆದರೆ "ಹಂಗೇನೂ ಆಗಿಲ್ಲ ಬಿಡವಾ, ನಿನ್ನೀನ ಮಾತಾಡಿಸೇನಿ ಆಕೀನ" ಎಂದು ಹೇಳಬೇಕಾದವರು ಯಾರೂ ಈಗ ಆ ಊರಿನಲ್ಲಿಲ್ಲ.